ಹಡಗಿನಾಗ ಯಾರರೆ ಸತ್ರ ಏನ್ ಮಾಡ್ತಾರ? ತಮ್ಮ ಕ್ರೂಸ್ ನೌಕ್ರಿಗಿ ಹೊಂಟಾನ, ಅವ್ವ ಬಿಡವಲ್ಲಳು

ಶಾಬಾದ್_ಕಲ್ಲು:
ಎಲ್ಲಾರಿಗೂ ನಮಸ್ಕಾರ್ರೀ. ನನ್ನ ತಮ್ಮ ಹೋಟೆಲ್ ಮ್ಯಾನೇಜ್ಮೆಂಟ್ ಮುಗಿಸಿ ಹೈದ್ರಾಬಾದಿನಾಗ ಒಂದ್ ಹೋಟ್ಲಾಗ ಇದ್ದ, ಈಗ ಏಜೆಂಟ್ ಒಬ್ಬವನ ಕಡಿಂದ ಕ್ರೂಸ್ ಹಡಗಿನಾಗ ಹೌಸ್‌ಕೀಪಿಂಗ್ ಕೆಲಸ ಬಂದದ ಅಂತ ಕುಣ್ಯಾಕತ್ತಾನ. ಪಗಾರ ಡಾಲರಿನಾಗ ಅಂತ. ಅಪ್ಪ ಹೂಂ ಅಂದಾನ. ಅವ್ವ ಮಾತ್ರ ಮೊಬೈಲಿನಾಗ ಎಂಥದೋ ವಿಡಿಯೋ ನೋಡಿ ಕುಂತಾಳ, ಹಡಗಿನಾಗ ಸತ್ತವ್ರನ್ನ ಐಸ್‌ಕ್ರೀಮ್ ಇಡೋ ಫ್ರೀಜರಿನಾಗ ಇಡ್ತಾರ, ಭಾಳ ದಿನ ಆದ್ರ ಸಮುದ್ರಕ್ಕ ಒಗೀತಾರ ಅಂತ ಅದ್ರಾಗ ಹೇಳ್ಯಾರಂತ. ಮಣ್ಣಿಗಿ ದೇಹ ಸುದ್ದಾ ಸಿಗಂಗಿಲ್ಲ ಅಂತ ಅಳ್ಳಾಕತ್ತಾಳ. ಇದು ಖರೆ ಏನ್ರಿ? ಬೆಂಕಿ ಹತ್ತಿದ್ರ, ಮುಳುಗಿದ್ರ, ಹಾರ್ಟ್ ಅಟ್ಯಾಕ್ ಆದ್ರ ಅಲ್ಲಿ ಏನ್ ತಯಾರಿ ಇರ್ತದ? ನಮ್ಮ ಮನ್ಯಾಗ ಸಮುದ್ರ ನೋಡಿದವ್ರೇ ಯಾರೂ ಇಲ್ಲ, ಅದಕ್ಕ ಇಲ್ಲಿ ಕೇಳ್ಲಾಕತ್ತೀನಿ.

ಸೂಪರ್‌ಮಾರ್ಕೆಟ್_ಚಹಾ:
ಸಾಯೂದ ವಿಚಾರ ಮಾಡಿ ನೌಕ್ರಿಗಿ ಹೋಗ್ತಾರೇನು ಅಣ್ಣಾ, ಹಂಗಿದ್ರ ಹುಮನಾಬಾದ್ ರೋಡಿನಾಗ ಬೈಕ್ ಹೊಡೀಲೇಬಾರದು.

ಜೇವರ್ಗಿ_ಕ್ರಾಸ್:
ವಿಡಿಯೋದವ್ರು ಸುಳ್ಳ ಹೇಳ್ತಾರ್ರಿ. ಆದ್ರ ಟೈಟಾನಿಕ್ ನೋಡ್ರಿ, ಕಂಪನಿಯವ್ರು ಕಾನೂನು ಮುರದು ಜೀವ ಉಳಸೋ ಬೋಟು ಕಮ್ಮಿ ಇಟ್ಟಿದ್ರು, ಅದಕ್ಕ ಅಷ್ಟು ಜನ ಸತ್ರು. ರೊಕ್ಕದವ್ರ ಬುದ್ಧಿ ಆವಾಗೂ ಅಷ್ಟೇ ಈವಾಗೂ ಅಷ್ಟೇ.

ಗುಲ್ಬರ್ಗಾ_ಹಿಸ್ಟರಿ_ಮಾಸ್ತರ್:
ಜೇವರ್ಗಿ ಅವ್ರೇ, ಕಾನೂನು ಮುರದಿರ್ಲಿಲ್ಲ, ಅದೇ ನಾಚಿಕಿ ಮಾತು. ಆಗಿನ ಬ್ರಿಟಿಷ್ ನಿಯಮ ಹಡಗಿನ ಗಾತ್ರದ (ಟನ್ನೇಜ್) ಮ್ಯಾಲ ಬೋಟು ಲೆಕ್ಕ ಹಾಕ್ತಿತ್ತು, ಜನರ ಮ್ಯಾಲ ಅಲ್ಲ. 10,000 ಟನ್ ದಾಟಿದ ಹಡಗಿಗಿ 16 ಬೋಟ್ ಇದ್ರ ಸಾಕು ಅಂತ ಇತ್ತು. ಟೈಟಾನಿಕ್ 46,000 ಟನ್ನಿಂದು, ಅದ್ರಾಗ 20 ಬೋಟ್ ಇದ್ದೂ, ಅಂದ್ರ ಕಾನೂನಿಗಿಂತ ನಾಕು ಹೆಚ್ಚಿಗೇ. ಆದ್ರ ಕೂಡೂದು 1,178 ಮಂದಿ, ಹಡಗಿನಾಗ ಇದ್ದದ್ದು 2,200ರ ಹತ್ರ. 1,500 ಜನ ಹೋದ್ರು. ಅದಾದ ಮ್ಯಾಲ 1914ರಾಗ ಸೋಲಾಸ್ ಅಂತ, ಸಮುದ್ರದಾಗ ಜೀವ ಉಳಸೂ ಅಂತರರಾಷ್ಟ್ರೀಯ ಒಪ್ಪಂದ ಆಯ್ತು, ಈಗ ನಡಿಯೂದು 1974ರ ಸೋಲಾಸು. ಈಗ ಹಡಗಿನಾಗ ಇರೋ ಎಲ್ಲಾರಿಗೂ ಜಾಗ ಸಾಕಾಗಿ ಇನ್ನೂ ಮಿಕ್ಕಬೇಕು.

ಅವ್ವಾರ ಪ್ರಶ್ನಿಗಿ ಬಂದ್ರ, ಟೈಟಾನಿಕ್ ಹೆಣ ಹುಡುಕ್ಲಾಕ ಹೋದ ಮೆಕೆ ಬೆನೆಟ್ ಅನ್ನೋ ಹಡಗಿಗಿ 306 ದೇಹ ಸಿಕ್ಕಿದ್ವು, ಅದ್ರಾಗ 116 ದೇಹ ಅಲ್ಲೇ ಸಮುದ್ರಕ್ಕ ಬಿಟ್ರು. ಎಂಬಾಮಿಂಗ್, ಅಂದ್ರ ದೇಹ ಕೆಡದಂಗ ಔಷಧ ಹಾಕೂ ಸಾಮಾನು, ಸಾಲಲಿಲ್ಲ. ಯಾರನ್ನ ದಡಕ್ಕ ತಂದ್ರು ಯಾರನ್ನ ಬಿಟ್ರು ಅಂದ್ರ, ಫಸ್ಟ್ ಕ್ಲಾಸಿನವ್ರಿಗಿ ಪೆಟ್ಟಿಗಿ, ಥರ್ಡ್ ಕ್ಲಾಸಿನವ್ರು ಮತ್ತ ಕೆಲಸಗಾರರ ಪಾಲಿಗಿ ಹೆಚ್ಚಾಗಿ ಸಮುದ್ರ. ಅದು 1912ರ ಕಥಿ.

ಬೀದರ್_ಟು_ಬಾರ್ಬಡೋಸ್:
ನಾ ಬೀದರಿನಂವ, ಕ್ರೂಸ್ ಹಡಗಿನಾಗ ಕ್ಯಾಬಿನ್ ಸ್ಟೂವರ್ಡ್ ಇದ್ದೀನಿ, ಈಗ ರಜಾದಾಗ ಮನಿಗಿ ಬಂದೀನಿ. ಕಂಪನಿ ಹೆಸರು ಕೇಳಬ್ಯಾಡ್ರಿ. ಅವ್ವಗ ನಾ ಹೇಳ್ದೆ ಅಂತ ಹೇಳ್ರಿ.

ಮೊದಲ ಮಾತು, ದೊಡ್ಡ ಕ್ರೂಸ್ ಹಡಗಿನಾಗ ಶವಾಗಾರ ಬ್ಯಾರೇನೇ ಇರ್ತದ. ಕೆಳಗಿನ ಡೆಕ್ಕಿನಾಗ, ಮೆಡಿಕಲ್ ಸೆಂಟರಿನ ಆಜೂಬಾಜೂ, ಪ್ಯಾಸೆಂಜರ್ ಹೋಗೋ ಜಾಗದಾಗ ಅಲ್ಲ. ಮೂರ್ನಾಕು ದೇಹ ಇಡೋವಂಥದ್ದು ಸಾಮಾನ್ಯ, ಕೆಲವು ಹಡಗಿನಾಗ ಅದಕ್ಕೂ ಹೆಚ್ಚು. ಐಸ್‌ಕ್ರೀಮ್ ಮಾತು ನಮ್ಮ ಹಡಗಿನಾಗೂ ಅದ, ಒಂದ್ ದಿನ ಪುಕ್ಕಟೆ ಐಸ್‌ಕ್ರೀಮ್ ಜಾಸ್ತಿ ಹಂಚಿದ್ರು ಅಂದ್ರ ಹೊಸಾ ಹುಡುಗ್ರಿಗಿ ನೋಡಲೇ ಫ್ರೀಜರ್ ಖಾಲಿ ಮಾಡ್ಲಾಕತ್ತಾರ ಅಂತ ಹೆದರಸ್ತೀವಿ. ತಮಾಷಿ ಅದು.

ಕ್ರೂಸಿಗಿ ಬರೋವ್ರಾಗ ರಿಟೈರ್ ಆದ ಮಂದಿನೇ ಭಾಳ, ಅದಕ್ಕ ಸಾವು ಅಲ್ಲಿ ಅಪರೂಪದ್ದಲ್ಲ, ಹೆಚ್ಚಿಗಿ ಹಾರ್ಟಿಂದು. ನನ್ನ ಸೆಕ್ಷನ್ನಿನಾಗೇ ಒಬ್ರು ಅಜ್ಜಾರು ಬೆಳಗಾಮುಂಜಾನಿ ತೀರಕೊಂಡ್ರು. ಹೆಂಡ್ತಿ ಫೋನ್ ಮಾಡಿದ್ರು, ಸ್ಪೀಕರಿನಾಗ ಕೋಡ್ ಕೂಗಿದ್ರು, ಡಾಕ್ಟರ್ ನರ್ಸ್ ಓಡಿ ಬಂದು ಭಾಳ ಹೊತ್ತು ಎದಿ ಒತ್ತಿದ್ರು, ಆಗ್ಲಿಲ್ಲ. ಆಮ್ಯಾಲ ಸೆಕ್ಯೂರಿಟಿಯವ ಬಾಗಿಲಾಗ ನಿಂತ. ಜನ ನಾಷ್ಟಾಕ್ಕ ಹೊಂಟಿದ್ರು, ನನಗ ಸೂಪರ್ವೈಸರ್ ಏನ್ ಹೇಳ್ದ ಅಂದ್ರ, ಟವೆಲ್ ಚಾದರ್ ತುಂಬಿದ ನಿನ್ನ ಗಾಡಿ ತಂದು ಕಾರಿಡಾರಿಗಿ ಅಡ್ಡ ನಿಲ್ಲಸು, ಕಾರ್ಪೆಟ್ ಕ್ಲೀನಿಂಗ್ ನಡದದ ಆ ಕಡಿಂದ ಹೋಗ್ರಿ ಅಂತ ನಕ್ಕೋತ ಹೇಳು. ನಕ್ಕೋತ! ಹೇಳ್ದೆ. ಅಷ್ಟ್ರಾಗ ಕ್ರೂ (ಹಡಗಿನ ಕೆಲಸಗಾರರ) ಲಿಫ್ಟಿನಾಗ ದೇಹ ಕೆಳಗ ಒಯ್ದ್ರು.

ಮಧ್ಯಾಹ್ನ ಸಾಮಾನು ಪ್ಯಾಕ್ ಮಾಡೂದು. ಒಬ್ಬನೇ ಮಾಡಂಗಿಲ್ಲ, ಸೆಕ್ಯೂರಿಟಿಯವ ಜೋಡಿ ಇರಬೇಕು, ಒಂದೊಂದೂ ಬರೀಬೇಕು. ಚಷ್ಮಾ ಒಂದು. ಹಲ್ಲಿನ ಸೆಟ್ ಒಂದು. ವಾರದ ಗುಳಿಗಿ ಡಬ್ಬಿ, ಅದ್ರಾಗ ಗುರುವಾರದಿಂದ ಮುಂದಿನ ಖಾನೆ ಎಲ್ಲಾ ತುಂಬಿದ್ದು. ಆ ಅಜ್ಜಿಗಿ ಬ್ಯಾರೆ ಕ್ಯಾಬಿನ್ ಕೊಟ್ರು, ಒಬ್ಬ ಹೆಣ್ಮಗಳನ್ನ ಜೋಡಿ ಇಟ್ರು, ಮನಿಗಿ ಫೋನು, ಟಿಕೀಟು ಎಲ್ಲಾ ಆಕೀನೇ ನೋಡ್ಕೊಂಡ್ಳು. ಅದಕ್ಕಂತ್ಲೇ ಒಂದ್ ಟೀಮ್ ಇರ್ತದ.

ಸಮುದ್ರಕ್ಕ ಒಗಿಯೂದು? ನಾ ಇದ್ದಷ್ಟು ದಿನ ನೋಡಿಲ್ಲ, ಕೇಳಿಲ್ಲ. ದೇಹ ಮುಂದಿನ ಬಂದರಿನಾಗ ಇಳಸ್ತಾರ, ಅಲ್ಲಿ ಸರ್ಕಾರ ಒಪ್ಪಲಿಲ್ಲ ಅಂದ್ರ ಹಡಗು ಹೊಂಟ ಬಂದರಿಗೇ ವಾಪಸ್ ತರ್ತಾರ.

ಶಾಬಾದ್_ಕಲ್ಲು:
ಭಾಳ ಉಪಕಾರ ಅಣ್ಣಾ. ಅವ್ವಗ ಓದಿ ಹೇಳ್ದೆ. ಗುಳಿಗಿ ಡಬ್ಬಿ ಮಾತಿಗಿ ಮತ್ತ ಅತ್ಳು. ಫ್ರೀಜರಿಂದು ಮಾತ್ರ ತಲಿಯಿಂದ ಹೋಯ್ತು.

ಕಾರ್ಗೋ_ಮಲ್ಲು_ಸೇಡಂ:
ಒಂದ್ ಮಾತ್ ಸೇರಿಸ್ತೀನಿ, ಎಲ್ಲಾ ಹಡಗೂ ಕ್ರೂಸ್ ಅಲ್ಲ. ನಾ ಕಾರ್ಗೋದಾಗ ಎಂಜಿನ್ ರೂಮಿನಾಂವ. ನಮ್ಮಲ್ಲಿ ಇಪ್ಪತ್ತು ಇಪ್ಪತ್ತೈದು ಮಂದಿ, ಡಾಕ್ಟರೂ ಇಲ್ಲ ಶವಾಗಾರವೂ ಇಲ್ಲ. ಯಾರರೆ ಹೋದ್ರ ರೇಷನ್ ಇಡೋ ಕೋಲ್ಡ್ ರೂಮ್ ಖಾಲಿ ಮಾಡೇ ಇಡೂದು. ಐಸ್‌ಕ್ರೀಮ್ ಕಥಿ ಹುಟ್ಟಿದ್ದು ಅಲ್ಲಿಂದ ಇರಬೇಕು. ಡಾಕ್ಟರ್ ಯಾವಾಗ ಕಡ್ಡಾಯ ಅಂದ್ರ 100 ಇಲ್ಲಾ ಅದಕ್ಕೂ ಹೆಚ್ಚು ಮಂದಿ ಇದ್ದು ಮೂರು ದಿನಕ್ಕಿಂತ ಉದ್ದ ವಿದೇಶದ ಪಯಣ ಇರಬೇಕು, ಕಡಲ ಕಾರ್ಮಿಕರ ಒಪ್ಪಂದ ಎಂಎಲ್‌ಸಿ 2006ರಾಗ ಅದ. ನಮಗ ಸೆಕೆಂಡ್ ಆಫೀಸರೇ ಡಾಕ್ಟರ್, ರೇಡಿಯೋದಾಗ ಕೇಳಿ ಸೂಜಿ ಮಾಡ್ತಾನ.

ಡಾ_ಬಿಸಿಲು:
ನಾನು ಡಾಕ್ಟರ್, ಕಲಬುರಗಿಯಲ್ಲೇ ಪ್ರಾಕ್ಟೀಸು. ನನ್ನ ಬ್ಯಾಚ್‌ಮೇಟ್ ಒಬ್ಬ ಶಿಪ್ ಡಾಕ್ಟರ್ ಆಗಿದ್ದ. ದೊಡ್ಡ ಹಡಗಿನ ಮೆಡಿಕಲ್ ಸೆಂಟರಲ್ಲಿ ವೆಂಟಿಲೇಟರ್, ಹಾರ್ಟಿಗೆ ಕರೆಂಟ್ ಶಾಕ್ ಕೊಡೋ ಡಿಫಿಬ್ರಿಲೇಟರ್, ಎಕ್ಸ್‌ರೇ, ಸಣ್ಣ ಲ್ಯಾಬ್, ಹಾರ್ಟ್ ಅಟ್ಯಾಕಿಗೆ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಎಲ್ಲಾ ಇರ್ತದೆ. ಆಂಜಿಯೋಪ್ಲಾಸ್ಟಿ, ದೊಡ್ಡ ಆಪರೇಷನ್ ಆಗಲ್ಲ. ಬ್ಲಡ್ ಬ್ಯಾಂಕೂ ಇರಲ್ಲ, ರಕ್ತ ಬೇಕಾದ್ರೆ ಕ್ರೂದವರಲ್ಲಿ ಪ್ಯಾಸೆಂಜರಲ್ಲಿ ಗ್ರೂಪ್ ಹೊಂದೋರನ್ನ ಕರೆಸಿ ಆಗಿಂದಾಗ್ಲೇ ತೆಗೀತಾರೆ. ಅವರ ಕೆಲಸ ರೋಗಿನ ದಡ ಮುಟ್ಟೋತನಕ ಉಳಿಸೋದು, ಅದಕ್ಕೆ ಕ್ಯಾಪ್ಟನ್ ಹಡಗು ತಿರುಗಿಸಬಹುದು, ಹೆಲಿಕಾಪ್ಟರ್ ಕರೀಬಹುದು. ಆದ್ರೆ ಹೆಲಿಕಾಪ್ಟರಿಗೂ ಒಂದು ದೂರ ಇದೆ, ನಡುಸಮುದ್ರಕ್ಕೆ ಬರಲ್ಲ.

ಪ್ಯಾಸೆಂಜರ್ ಆಗಿ ಹೋಗೋರಿಗೆ ಒಂದು ಮಾತು. ಅಲ್ಲಿ ಚಿಕಿತ್ಸೆ ಪುಕ್ಕಟೆ ಅಲ್ಲ, ಬಿಲ್ ನಿಮ್ಮ ರೂಮ್ ಅಕೌಂಟಿಗೇ ಬೀಳ್ತದೆ. ಟ್ರಾವೆಲ್ ಇನ್ಶೂರೆನ್ಸಲ್ಲಿ ಹೆಲಿಕಾಪ್ಟರ್ ಖರ್ಚು, ಮೃತದೇಹ ಊರಿಗೆ ತರೋ ಖರ್ಚು ಎರಡೂ ಬರೆದಿದಾರಾ ನೋಡ್ಕೊಳ್ಳಿ. ಮುಂಬೈಯಿಂದ ಗೋವಾಕ್ಕೆ, ಲಕ್ಷದ್ವೀಪಕ್ಕೆ ಅಂತ ಅಪ್ಪ ಅಮ್ಮನ್ನ ಕ್ರೂಸಿಗೆ ಕಳಿಸೋರು ಈಗ ನಮ್ಮೂರಲ್ಲೂ ಇದಾರೆ, ಬಿಪಿ ಗುಳಿಗೆ ದೊಡ್ಡ ಸೂಟ್‌ಕೇಸಲ್ಲಿ ಹಾಕಿ ಕೊಟ್ಟುಬಿಡ್ತಾರೆ, ಅದು ಕ್ಯಾಬಿನ್ನಿಗೆ ಬರೋದು ರಾತ್ರಿಗೆ.

ಸುರಪುರ_ಹುಲಿ:
ಡಾಕ್ಟರ್ ಸಾಹೇಬ್ರೇ, ಹಡಗಿನಾಗ ಇಷ್ಟೆಲ್ಲಾ ಅದ ಅಂತೀರಿ, ನಮ್ಮ ತಾಲೂಕಿನಾಗ ರಾತ್ರಿ ಎದಿ ಹಿಡ್ಕೊಂಡ್ರ ಕಲಬುರಗಿಗಿ ಮುಟ್ಟೋದ್ರಾಗ ಕಥಿ ಮುಗದಿರ್ತದ. ಆ ತಮ್ಮ ಹಡಗಿನಾಗೇ ಸೇಫ್ ಅದಾನ ಅಂತ ಹೇಳ್ರಿ ಅವ್ವಗ.

ಡಾ_ಬಿಸಿಲು:
ಜಗಳ ಆಡೋಕೆ ನನ್ನತ್ರ ಪಾಯಿಂಟಿಲ್ಲ ಬಿಡಿ ಇದಕ್ಕೆ.

ಕೋಟೆ_ಹುಡುಗಿ:
ಮತ್ತ ಮುಳುಗಿದ್ರ? ಇಟಲಿದಾಗ ಒಂದು ವಾಲಿತ್ತಲ್ಲ.

ಬೀದರ್_ಟು_ಬಾರ್ಬಡೋಸ್:
ಕೋಸ್ಟಾ ಕಾಂಕಾರ್ಡಿಯಾ, 2012ರ ಜನವರಿ 13. ಜಿಲಿಯೋ ದ್ವೀಪದ ಸಮೀಪ ಒಯ್ದು ಬಂಡೆಗಲ್ಲಿಗಿ ಹಾಯಿಸ್ದ ಕ್ಯಾಪ್ಟನ್. 4,200 ಮಂದಿ ಇದ್ರು, 32 ಸತ್ರು, ಕ್ಯಾಪ್ಟನ್ ಜನ ಇನ್ನೂ ಹಡಗಿನಾಗ ಇರೋ ಮುಂದೇ ತಾ ಇಳದು ಹೋದ, 16 ವರ್ಷ ಸಜಾ ಆಯ್ತು. ಅದ್ರಾಗ ನಮ್ಮ ದೇಶದ ಒಬ್ಬ ವೇಟರ್ ಹೋದ, ಅವನ ದೇಹ ಸಿಕ್ಕಿದ್ದು 2014ರ ನವೆಂಬರಿನಾಗ, ಹಡಗು ಒಡಿಯೋವಾಗ. ಎಲ್ಲಾರಕಿನ ಕಡೀಕ ಸಿಕ್ಕಂವ. ತನ್ನ ಲೈಫ್ ಜಾಕೆಟ್ ಬ್ಯಾರೆಯವ್ರಿಗಿ ಕೊಟ್ಟಿದ್ದ ಅಂತ ಪೇಪರಿನಾಗ ಬಂದಿತ್ತು. ನಮ್ಮ ಮೆಸ್ಸಿನಾಗ ಈಗೂ ಅವನ ಮಾತ್ ಬರ್ತದ.

ಆವಾಗ ನಿಯಮ ಹೆಂಗಿತ್ತಂದ್ರ ಜನ ಹತ್ತಿ 24 ತಾಸಿನೊಳಗ ಡ್ರಿಲ್ (ಎಮರ್ಜೆನ್ಸಿ ತಾಲೀಮು) ಮಾಡಿದ್ರ ನಡೀತಿತ್ತು. ಆವತ್ತೇ ಹತ್ತಿದ ನೂರಾರು ಮಂದಿಗಿ ಡ್ರಿಲ್ಲೇ ಆಗಿರ್ಲಿಲ್ಲ, ಮರುದಿನ ಇತ್ತು. ಈಗ ಹಡಗು ಬಿಡೂಕ್ಕಿಂತ ಮೊದಲು, ಇಲ್ಲಂದ್ರ ಬಿಟ್ಟ ಕೂಡ್ಲೇ ಆಗ್ಬೇಕು, 2015ರಿಂದ ಕಡ್ಡಾಯ. ಏಳು ಸಣ್ಣ ಸೀಟಿ ಒಂದು ಉದ್ದ ಸೀಟಿ ಬಂತಂದ್ರ ನಿಮ್ಮ ಕಾರ್ಡಿನ ಮ್ಯಾಲ ಬರದ ಜಾಗಕ್ಕ ಹೋಗಿ ನಿಲ್ಲಬೇಕು.

ಕ್ರೂಗ ಅದು ಬ್ಯಾರೆ. ಪ್ರತಿಯೊಬ್ಬಂಗೂ ಒಂದ್ ಎಮರ್ಜೆನ್ಸಿ ನಂಬರ್. ದಿನಾ ಚಾದರ್ ಹಾಸಂವ ಸೀಟಿ ಬಂದ್ರ ಮೆಟ್ಟಿಲಾಗ ನಿಂತು ದಾರಿ ತೋರಸ್ತಾನ, ಬಾರಿನಂವ ಹಾಜರಿ ತಗೋತಾನ, ಅಡಗಿಯವ ಬೋಟಿಗಿ ಹೋಗ್ತಾನ, ಡ್ಯಾನ್ಸರ್ ಹುಡುಗೀರು ಸುದ್ದಾ. ವಾರಕ್ಕೊಮ್ಮೆ ಡ್ರಿಲ್ಲು. ಜನ ಜಾಕೆಟ್ ಹಾಕ್ಕೊಂಡು ಕೂಡಿದ್ರು ಅಂದ್ರ, ಹಡಗು ಬಿಡ್ರಿ ಅಂತ ಹುಕುಂ ಆದ 30 ಮಿನಿಟಿನಾಗ ಎಲ್ಲಾ ಬೋಟು ನೀರಿಗಿ ಇಳಿಬೇಕು, ಹಂಗ ಅದ ನಿಯಮ.

ಮಿಜಗುರಿ_ಭಾಯ್:
ಡ್ಯಾನ್ಸರ್ ಮಾತಿಗಿ ನೆನಪಾಯ್ತು, 1991ರಾಗ ದಕ್ಷಿಣ ಆಫ್ರಿಕಾ ಕಡಿ ಓಶಿಯಾನೋಸ್ ಅಂತ ಹಡಗು ಮುಳುಗ್ತು. ಕ್ಯಾಪ್ಟನ್ ಮೊದಲೇ ಹೆಲಿಕಾಪ್ಟರ್ ಏರಿದ, ಉಳದ ಜನಾನ್ನ ಏರಿಸಿ ಕಳಸಿದ್ದು ಗಿಟಾರ್ ಬಾರಸೋರು, ಜಾದೂ ಮಾಡೋರು. 571 ಮಂದಿ, ಒಬ್ರೂ ಸಾಯ್ಲಿಲ್ಲ. ಹುದ್ದಾ ನೋಡಿ ಭರೋಸಾ ಇಡಬ್ಯಾಡ್ರಿ.

ಮತ್ತ ಅಮ್ಮಾ ಕೇಳಿದ್ದು ಪೂರಾ ಸುಳ್ಳಂತೂ ಅಲ್ಲ. ನಮ್ಮ ನಾನಾ ಮುಂಬೈಯಿಂದ ಹಡಗಿನಾಗ ಹಜ್‌ಗಿ ಹೋಗಿದ್ರು, ಮೊಘಲ್ ಲೈನ್ ಹಡಗು. ಎಂಟ್ಹತ್ತು ದಿನದ ಸಫರ್. ದಾರ್ಯಾಗ ಒಬ್ರು ಮುದುಕ್ರು ಇಂತೆಕಾಲ್ ಆದ್ರು. ಗುಸುಲ್ (ಸ್ನಾನ) ಮಾಡಿಸಿ, ಕಫನ್ ಬಟ್ಟಿ ಸುತ್ತಿ, ಜನಾಜಾ ನಮಾಜ್ ಓದಿ, ಕಾಲಿಗಿ ಭಾರ ಕಟ್ಟಿ ಇಳಿಸಿದ್ರಂತ. ದಡ ದೂರ ಇದ್ದು ದೇಹ ಕೆಡ್ತದ ಅಂದ್ರ ನಮ್ಮಲ್ಲಿ ಅದು ಜಾಯಜ್. ಹಡಗು ಒಂದ್ ಸುತ್ತ ಹಾಕಿ ಸೀಟಿ ಊದಿ ಮುಂದ ಹೋಯ್ತು ಅಂತ ನಾನಾ ಹೇಳೋರು. 1995ಕ್ಕ ಹಡಗಿನ ಹಜ್ ಬಂದ್ ಆಯ್ತು.

ಅಫಜಲಪುರ_ಬಾಳಿಹಣ್ಣು:
ಭಾಯ್, ಇಂಥಾವು ಬರೀರಿ ಮತ್ತ.

ಹಿರಿಯ_ಶರಣ:
ನನ್ನದೊಂದು ಪ್ರಶ್ನೆ, ಯಾರೂ ನಗಬ್ಯಾಡ್ರಿ. ನಮ್ಮ ಲಿಂಗಾಯತ್ರಾಗ ದೇಹಾನ್ನ ಕೂಡಿಸಿ ಸಮಾಧಿ ಮಾಡ್ತೀವಿ. ಅಲ್ಲಿಂದ ಪೆಟ್ಟಿಗ್ಯಾಗ ಮಲಗಿಸಿ, ಔಷಧ ಹಾಕಿ, ಎರಡು ವಾರ ಆದ ಮ್ಯಾಲ ತಂದ್ರ ಕೂಡಿಸೂದು ಹೆಂಗ? ಕೊಳ್ಳಾಗಿನ ಇಷ್ಟಲಿಂಗ ಅವ್ರು ತಗದಿಟ್ರ ಹೆಂಗ?

ಚಿತ್ತಾಪುರ_ಅಕ್ಕ:
ಕಾಕಾ, ನಗೂದೇನದ ಇದ್ರಾಗ. ನಮ್ಮ ಮೈದುನ ಗಲ್ಫಿನಾಗ ತೀರಕೊಂಡ. ಎಂಬಾಮಿಂಗ್ ಆದ ದೇಹ ಬಾಗಂಗಿಲ್ಲ, ಕೂಡಿಸಬೇಕು ಅಂತ ಹಟ ಮಾಡಿದ್ರ ನೋಡ್ಲಾಕ ಆಗಂಗಿಲ್ಲ. ಮಠದ ಸ್ವಾಮಿಗೋಳು ಮಲಗಿಸೇ ಮಾಡ್ರಿ ಅಂದ್ರು. ಕುಣಿ ಉದ್ದಕ ತೋಡಿಸಿ, ವಿಭೂತಿ ಹಚ್ಚಿ, ಲಿಂಗ ಕೈಯಾಗ ಇಟ್ಟು ಮಾಡಿದ್ವಿ. ಊರಾಗ ನಾಕು ಮಂದಿ ಮಾತಾಡಿದ್ರು, ಆಡ್ಲಿ ಬಿಡ್ರಿ.

ಕಾಗದದ ಮಾತು ಹೇಳ್ತೀನಿ, ಅದು ಹಡಗಾದ್ರೂ ಅಷ್ಟೇ. ಆ ದೇಶದ ಡೆತ್ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ಎಂಬಾಮಿಂಗ್ ಸರ್ಟಿಫಿಕೇಟ್, ನಮ್ಮ ಎಂಬಸಿಯವ್ರ ಎನ್‌ಒಸಿ, ಪಾಸ್‌ಪೋರ್ಟ್ ರದ್ದು ಮಾಡಿದ್ದು. ಮನಿಯವ್ರಲ್ಲಿ ಒಬ್ರ ಹೆಸರಿಗಿ ದೇಹ ಕಳಸ್ತಾರ, ಅವ್ರೇ ಆಧಾರ್ ತಗೊಂಡು ಏರ್ಪೋರ್ಟಿನ ಕಾರ್ಗೋ ಕಡಿ ಹೋಗ್ಬೇಕು. ನಾವು ಶಂಷಾಬಾದಿಗಿ ಹೋಗಿದ್ವಿ. ಕಾಗದದಾಗ ಹೆಸರಿನ ಒಂದ್ ಅಕ್ಷರ ತಪ್ಪಿದ್ದಕ್ಕ ರಾತ್ರಿ ಪೂರಾ ಅಲ್ಲೇ ಕುಂತ್ವಿ. ಪಾಸ್‌ಪೋರ್ಟಿನಾಗ, ಆಧಾರಿನಾಗ, ಕಾಂಟ್ರಾಕ್ಟಿನಾಗ ಹೆಸರು ಒಂದೇ ಇರ್ಲಿ, ತಮ್ಮಗ ಹೇಳ್ರಿ.

ಬೀದರ್_ಟು_ಬಾರ್ಬಡೋಸ್:
ಅಕ್ಕೋರು ಹೇಳಿದ್ದು ಲಾಖ್ ರೂಪಾಯಿ ಮಾತು. ಶರಣ ಕಾಕಾ, ಮೈಮ್ಯಾಲಿನ ವಸ್ತು ಎಲ್ಲಾ ಲಿಸ್ಟ್ ಮಾಡಿ ತಗದು ಇಡೂದೇ ಪದ್ಧತಿ. ಮನಿಯವ್ರು ಬ್ಯಾಡ ಅಂತ ಮೊದಲೇ ಹೇಳಿದ್ರ ಕೇಳ್ತಾರ, ಇದು ಧರ್ಮದ್ದು ಮುಟ್ಟಬ್ಯಾಡ್ರಿ ಅಂತ ಮೇಲ್ ಮಾಡ್ಬೇಕು ಅಷ್ಟೇ.

ರೊಕ್ಕದ ಮಾತು. ಕ್ರೂ ಸತ್ರ ದೇಹ ಕಳಸೂದು, ಮಣ್ಣಿನ ಖರ್ಚು ಹಡಗಿನ ಮಾಲೀಕಂದು, ಅದೂ ಎಂಎಲ್‌ಸಿದಾಗೇ ಅದ, ನಮ್ಮ ದೇಶ 2015ರಾಗ ಒಪ್ಪಿಕೊಂಡದ. ಪರಿಹಾರಕ್ಕ ವಿಮಾ ಅದ ಅನ್ನೋ ಸರ್ಟಿಫಿಕೇಟ್ 2017ರಿಂದ ಹಡಗಿನಾಗ ಎಲ್ಲಾರಿಗೂ ಕಾಣೂಹಂಗ ಹಚ್ಚಬೇಕು. ನಾಮಿನಿ ಹೆಸರು ತುಂಬಸ್ತಾರ, ಭಾಳ ಹುಡುಗ್ರು ಅವಸರದಾಗ ಏನೇನೋ ಬರೀತಾರ.

ಸೂಪರ್‌ಮಾರ್ಕೆಟ್_ಚಹಾ:
ನಾಮಿನಿ ಕಾಲಂದಾಗ ಹುಡುಗಿ ಹೆಸರು ಬರದಂವ ನಮ್ಮ ದೋಸ್ತ್ ಒಬ್ಬ ಅದಾನ, ಮನ್ಯಾಗ ಗೊತ್ತಾಗಿ ರಾಡಿ ಆಗಿತ್ತು.

ಕೋಟೆ_ಹುಡುಗಿ:
ಯಾರರೆ ರೇಲಿಂಗ್ ಮ್ಯಾಲಿಂದ ನೀರಿಗಿ ಬಿದ್ರ ಗೊತ್ತೇ ಆಗಂಗಿಲ್ಲಲ್ಲ?

ಕಾರ್ಗೋ_ಮಲ್ಲು_ಸೇಡಂ:
ನೋಡಿದವ್ರಿದ್ರ ಗೊತ್ತಾಗ್ತದ. ನೋಡಿದಂವ ಕೈ ತೋರಿಸ್ಕೋತ ಅಲ್ಲೇ ನಿಲ್ಲಬೇಕು, ಕಣ್ಣು ತಗೀಬಾರದು, ತೆರಿ ನಡುವ ತಲಿ ಒಂದ್ ಸಲ ತಪ್ಪಿತು ಅಂದ್ರ ಮತ್ತ ಸಿಗಂಗಿಲ್ಲ. ಹೊಗಿ, ಲೈಟ್ ಬರೋ ಟ್ಯೂಬ್ ಒಗೀತಾರ. ಬ್ರಿಜ್‌ನವ್ರು, ಅಂದ್ರ ಹಡಗು ನಡಸೋರು, ವಿಲಿಯಮ್ಸನ್ ಟರ್ನ್ ಹೊಡೀತಾರ, ಬಿದ್ದಂವ ಇರೋ ಕಡಿ ಪೂರಾ ತಿರಗಿಸಿ, 60 ಡಿಗ್ರಿ ಆದ ಮ್ಯಾಲ ಎದುರು ಕಡಿ ಪೂರಾ ಒತ್ತಿದ್ರ ಹಡಗು ಬಂದ ದಾರಿಗೇ ವಾಪಸ್ ಬರ್ತದ. ರಾತ್ರಿ ಯಾರೂ ನೋಡ್ಲಿಲ್ಲ ಅಂದ್ರ ಕಷ್ಟ. ಅಮೆರಿಕಾದಾಗ 2010ರ ಕಾನೂನಿಗಿ ರೇಲಿಂಗ್ 42 ಇಂಚು ಇರ್ಲೇಬೇಕು. ಕುಡದು ಏರಿ ಕುಂತ್ರ 42 ಏನ್ ಮಾಡ್ತದ.

ಜೇವರ್ಗಿ_ಕ್ರಾಸ್:
ಎಷ್ಟೇ ಹೇಳ್ರಿ, ಕೊರೋನಾದಾಗ ಆ ಜಪಾನ್ ಹಡಗಿಂದು ಏನಾಯ್ತು? ತಯಾರಿ ಇತ್ತೇನು?

ಡಾ_ಬಿಸಿಲು:
ಡೈಮಂಡ್ ಪ್ರಿನ್ಸೆಸ್. 2020ರ ಫೆಬ್ರವರಿ, ಯೊಕೊಹಾಮಾ. 3,711 ಜನ, 700ಕ್ಕೂ ಹೆಚ್ಚು ಮಂದಿಗೆ ಸೋಂಕು. ಇಲ್ಲ, ಅದಕ್ಕೆ ತಯಾರಿ ಇರ್ಲಿಲ್ಲ, ಒಪ್ತೀನಿ. ಪ್ಯಾಸೆಂಜರ್ ಕ್ಯಾಬಿನ್ನಲ್ಲಿ ಬಂದ್, ಅವರಿಗೆ ಊಟ ಕೊಡೋ ಕ್ರೂ ಮಾತ್ರ ಒಂದೇ ರೂಮಲ್ಲಿ ಇಬ್ಬಿಬ್ರು ಮಲಗಿ ಒಂದೇ ಮೆಸ್ಸಲ್ಲಿ ಉಣ್ತಿದ್ರು. 132 ಜನ ಭಾರತದ ಕ್ರೂ ಇದ್ರು ಅದರಲ್ಲಿ.

ಸುರಪುರ_ಹುಲಿ:
ನಮ್ಮ ಕಡಿ ಹೊಳಿ ನಡುವಿನ ಊರು ನೀಲಕಂಠರಾಯನಗಡ್ಡಿದಾಗ 2014ರಾಗ ಬಸುರಿ ಹೆಣ್ಮಗಳು ಹೆರಿಗಿಗಿ ಅಂತ ತುಂಬಿದ ಕೃಷ್ಣಾ ಹೊಳಿ ಸೋರೆಕಾಯಿ ಕಟ್ಕೊಂಡು ಈಸಿ ದಾಟ್ಯಾಳ. ಯಾವ ಸೋಲಾಸ್ ಇತ್ತು ಅಲ್ಲಿ? 2020ರಾಗ ಭೀಮಾ ಹೊಳಿ ತುಂಬಿ ಬಂದಾಗ ಜಾಕೆಟ್ ಇಲ್ಲದೇ ಎಷ್ಟು ಮಂದಿ ನೀರಾಗ ಇಳದ್ರು.

ಗುಲ್ಬರ್ಗಾ_ಹಿಸ್ಟರಿ_ಮಾಸ್ತರ್:
ಹುಲಿ ಅವ್ರೇ, ಅದಕ್ಕ ಬ್ಯಾರೆ ಥ್ರೆಡ್ ಮಾಡ್ರಿ, ನಾನೂ ಬರ್ತೀನಿ ಬಯ್ಲಾಕ.

ಶಾಬಾದ್_ಕಲ್ಲು:
ಅಣ್ಣಾರೇ, ಏಜೆಂಟ್ ಎರಡೂವರಿ ಲಾಖ್ ಕೇಳ್ಲಾಕತ್ತಾನ, ಮೆಡಿಕಲ್, ಟ್ರೇನಿಂಗ್ ಎಲ್ಲಾ ಸೇರಿ ಅಂತ. ಟ್ರೇನಿಂಗ್ ಸರ್ಟಿಫಿಕೇಟ್ ತಾನೇ ಮಾಡಿಸಿ ಕೊಡ್ತಾನಂತ, ತಮ್ಮ ಹೋಗೂದೇ ಬ್ಯಾಡಂತ. ಇದು ಸರಿ ಅದ ಏನ್ರಿ?

ಕಾರ್ಗೋ_ಮಲ್ಲು_ಸೇಡಂ:
ಓಡ್ರಿ ಅಲ್ಲಿಂದ!! ಹೋಗದೇ ಸರ್ಟಿಫಿಕೇಟ್ ಅಂದ್ರ ಡುಪ್ಲಿಕೇಟ್. ಹಡಗಿನ ಕೆಲಸ ನೋಡೋ ಸರ್ಕಾರಿ ಇಲಾಖೆ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಾಗ ಆರ್‌ಪಿಎಸ್‌ಎಲ್ (ಹಡಗಿಗಿ ಮಂದಿ ಸೇರಸೋ) ಲೈಸೆನ್ಸ್ ಇರೋ ಏಜೆಂಟ್ರ ಪಟ್ಟಿ ಅದ, ಅದ್ರಾಗ ಅವನ ಹೆಸರು ಇಲ್ಲಂದ್ರ ಒಂದ್ ರೂಪಾಯಿ ಕೊಡಬ್ಯಾಡ್ರಿ. ಲೈಸೆನ್ಸ್ ಇದ್ದಂವ ನೌಕ್ರಿ ಕೊಡಸ್ಲಾಕ ಹುಡುಗನ ಕಡಿಂದ ರೊಕ್ಕ ತಗೋಬಾರದು.

ಬೀದರ್_ಟು_ಬಾರ್ಬಡೋಸ್:
ಅದಲ್ಲದೇ ಆ ಟ್ರೇನಿಂಗೇ ಜೀವ ಉಳಸೋದು ತಮ್ಮಾ. ಬಾವ್ಯಾಗ ಈಸು ಕಲ್ತಂವ ನಾ, ಗೊತ್ತದ ಅಂತ ಸೊಕ್ಕಿಲೇ ಹೋಗಿದ್ದೆ. ಮ್ಯಾಲಿಂದ ಜಾಕೆಟ್ ಹಾಕ್ಕೊಂಡು ಹಾರಸ್ತಾರ. ಒಂದ್ ಕೈ ಮೂಗಿಗಿ, ಇನ್ನೊಂದು ಜಾಕೆಟ್ ಒತ್ತಿ ಹಿಡೀಬೇಕು, ಹಿಡೀಲಿಲ್ಲಂದ್ರ ನೀರಿಗಿ ಬಿದ್ದ ಕೂಡ್ಲೇ ಜಾಕೆಟ್ ಮ್ಯಾಲ ಎಗರಿ ಗದ್ದಕ್ಕ ಹೊಡೀತದ. ಆಮ್ಯಾಲ ಬೋರಲು ಬಿದ್ದ ರಬ್ಬರ್ ತೆಪ್ಪಾನ್ನ ಒಬ್ಬನೇ ಹಗ್ಗ ಹಿಡ್ದು ಜಗ್ಗಿ ಹೊಳ್ಳಿ ಹಾಕ್ಬೇಕು, ಅದು ತಲಿ ಮ್ಯಾಲ ಬಿದ್ದು ಒಳಗ ಕತ್ತಲಿ ಆಗ್ತದ, ಹೆದರಿ ಒದರಿದ್ರ ನೀರು ಕುಡೀತಿ. ಬೆನ್ನ ಮ್ಯಾಲಾಗಿ ಜಾರಿ ಹೊರಗ ಬರಬೇಕು. ಇದನ್ನ ಕಾಗದದ ಮ್ಯಾಲ ಕಲ್ತು ಹೋದಂವ ಸೀಟಿ ಬಂದಾಗ ತಾನೂ ಹೋಗ್ತಾನ, ಅವನ ನಂಬಿ ಮೆಟ್ಟಿಲಾಗ ನಿಂತವ್ರನ್ನೂ ಒಯ್ತಾನ. ನಿನ್ನ ತಮ್ಮಗ ನನ್ನ ನಂಬರ್ ಮೆಸೇಜ್ ಮಾಡ್ತೀನಿ, ಸರಿಯಾದ ಸಂಸ್ಥೆ ಹೇಳ್ತೀನಿ.

ಶಾಬಾದ್_ಕಲ್ಲು:
ಪಟ್ಟಿ ನೋಡ್ದೆ ಅಣ್ಣಾ, ಅವನ ಹೆಸರಿಲ್ಲ. ಅಡ್ವಾನ್ಸ್ 20,000 ಹೋಗ್ಯದ.

ಮಿಜಗುರಿ_ಭಾಯ್:
ಪೊಲೀಸ್ ಸ್ಟೇಷನ್ನಿಗಿ ಕಂಪ್ಲೇಂಟ್ ಕೊಡ್ರಿ, ವಾಟ್ಸಾಪ್ ಮೆಸೇಜ್ ಒಂದೂ ಡಿಲೀಟ್ ಮಾಡಬ್ಯಾಡ್ರಿ. ನಾ ಬರ್ತೀನಿ ಜೋಡಿ, ನಾಳಿ 11ಕ್ಕ.

ಅಫಜಲಪುರ_ಬಾಳಿಹಣ್ಣು:
ಬೀದರ್ ಅಣ್ಣಾ, ಅಲ್ಲಿ ಜ್ವಾಳದ ರೊಟ್ಟಿ ಸಿಗ್ತದೇನು?

ಬೀದರ್_ಟು_ಬಾರ್ಬಡೋಸ್:
ಕ್ರೂ ಮೆಸ್ಸಿನಾಗ ದಿನಾ ಅನ್ನ ದಾಲ್ ಇರ್ತದ, ರೊಟ್ಟಿ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆ, ಫಿಲಿಪೈನ್ಸ್ ಹುಡುಗ್ರು ಬಿಸ್ಕೀಟ್ ಅಂತ ತಿಂದು ಮುಗಿಸಿದ್ರು.